ಮೇಸ್ತ್ರಿಯ ಮುಂಗಡಕ್ಕಿಂತ ಮೊದಲು

ರಾಯಚೂರು ಜಿಲ್ಲೆಯ ಒಣಬೇಸಾಯದ ಹಳ್ಳಿಗಳಲ್ಲಿ ಬಡತನಕ್ಕೆ ತಿಂಗಳುಗಳಿವೆ. ಉಗಾದಿಯ ಹೊತ್ತಿಗೆ ಮನೆಗಳಲ್ಲಿ ಒಂದಿಷ್ಟು ದುಡ್ಡು ಓಡಾಡುತ್ತದೆ. ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಬೀಜ, ಗೊಬ್ಬರ, ಮಕ್ಕಳ ಶಾಲೆಯ ಖರ್ಚು ಒಟ್ಟಿಗೇ ಬಂದು ಅದನ್ನು ಬಳಿದುಕೊಂಡು ಹೋಗುತ್ತವೆ. ಮಳೆ ಕೈಕೊಟ್ಟ ವರ್ಷವಾದರೆ ಶ್ರಾವಣ ಕಳೆಯುವಷ್ಟರಲ್ಲಿ ಜೋಳದ ಚೀಲ ತಳ ಕಾಣುತ್ತದೆ. ಊರಿಗೆ ಮೇಸ್ತ್ರಿ ಬರುವುದು ಆಗಲೇ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸವಿದೆ, ಗಂಡ ಹೆಂಡತಿ ಇಬ್ಬರೂ ಬಂದರೆ ಇಷ್ಟು ಮುಂಗಡ ಕೊಡುತ್ತೇನೆ ಎಂದು ಆತ ಕಟ್ಟೆಯ ಮೇಲೆ ಕುಳಿತು ಲೆಕ್ಕ ಹೇಳುತ್ತಾನೆ. ಆತನನ್ನು ಕೆಟ್ಟವನೆಂದು ಯಾರೂ ಭಾವಿಸುವುದಿಲ್ಲ. ಅವನೂ ಅದೇ ಸೀಮೆಯವನು, ಬಹಳಷ್ಟು ಸಲ ಅವನೇ ಹಿಂದೊಮ್ಮೆ ಕೂಲಿ ಹುಡುಕಿ ಊರು ಬಿಟ್ಟು ಗುಳೆ ಹೋದವನು. ಆದರೆ ಅವನ ಮುಂಗಡವನ್ನು ಕೈಯಲ್ಲಿ ಹಿಡಿದ ಮೇಲೆ ಆ ಮನೆಯ ಮುಂದಿನ ಆರೇಳು ತಿಂಗಳು ಆ ಮನೆಯವರ ಕೈಯಲ್ಲಿ ಉಳಿಯುವುದಿಲ್ಲ.

ಗ್ರಾಮೀಣ ಬ್ಯಾಂಕೊಂದರಲ್ಲಿ ಕೆಲಸ ಮಾಡಿ ನಿವೃತ್ತನಾದ ಮೇಲೆ, ಇದೇ ಜಿಲ್ಲೆಯ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಯ ಲೆಕ್ಕಪತ್ರ ನೋಡಿಕೊಡುವ ಕೆಲಸವನ್ನು ನಾನು ಒಪ್ಪಿಕೊಂಡಿದ್ದೇನೆ. ಸಂಸ್ಥೆಯ ಹೆಸರು ಬರೆಯುವುದು ಅದರವರಿಗೆ ಇಷ್ಟವಿಲ್ಲ, ಬರೆಯುವ ಅಗತ್ಯವೂ ಇಲ್ಲ. ಬಡ ಕುಟುಂಬಗಳಿಗೆ ನೆರವಾಗುತ್ತೇವೆಂದು ಹೇಳಿಕೊಳ್ಳುವ ಬಹಳಷ್ಟು ಯೋಜನೆಗಳನ್ನು ಬ್ಯಾಂಕಿನ ಕಿಟಕಿಯ ಈಚೆಯಿಂದ ಕಂಡಿರುವ ನನಗೆ, ಈ ಸಂಸ್ಥೆಯ ಕೆಲಸದಲ್ಲಿ ಬೇರೆಡೆ ಕಾಣದ ಒಂದು ಗುಣ ಕಂಡಿತು. ಇವರಿಗೆ ಹೊತ್ತು ಗೊತ್ತು. ಏನು ಕೊಡಬೇಕು ಎನ್ನುವುದರಷ್ಟೇ ಯಾವಾಗ ಕೊಡಬೇಕು ಎಂಬುದನ್ನೂ ಇವರು ಯೋಚಿಸುತ್ತಾರೆ.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಎರಡು ದೊಡ್ಡ ನದಿಗಳ ನಡುವೆ ಇದ್ದೂ ಜಿಲ್ಲೆ ಎರಡು ಬಗೆಯಾಗಿದೆ: ತುಂಗಭದ್ರಾ ಎಡದಂಡೆ ನಾಲೆಯ ನೀರು ತಲುಪುವ ಸಿಂಧನೂರು, ಮಾನ್ವಿಯ ಭತ್ತದ ಗದ್ದೆಗಳು ಒಂದು ಕಡೆ, ಮಳೆಯನ್ನೇ ನಂಬಿದ ದೇವದುರ್ಗ, ಲಿಂಗಸೂಗೂರು, ಮಸ್ಕಿ ಭಾಗದ ಹೊಲಗಳು ಇನ್ನೊಂದು ಕಡೆ. 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ದೇವದುರ್ಗವನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಸೇರಿಸಿತು. ಅನಂತರ ಸಂವಿಧಾನದ 98ನೇ ತಿದ್ದುಪಡಿಯಿಂದ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿ ಬಂತು, 2018ರಲ್ಲಿ ಕೇಂದ್ರ ಸರ್ಕಾರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ರಾಯಚೂರು ಸೇರಿತು. ಇವುಗಳಿಂದ ರಸ್ತೆ, ಕಟ್ಟಡ, ಕಾಲೇಜು ಸೀಟುಗಳು ಬಂದಿರುವುದನ್ನು ಅಲ್ಲಗಳೆಯುವಂತಿಲ್ಲ. ಆದರೆ ದಸರೆಯ ಆಚೆ ಈಚೆ ರಾತ್ರಿ ಹೊತ್ತು ಲಿಂಗಸೂಗೂರು ಬಸ್ ನಿಲ್ದಾಣದಲ್ಲಿ ನಿಂತರೆ, ಜೋಳದ ಹಿಟ್ಟಿನ ಚೀಲ, ರೊಟ್ಟಿಯ ಹೆಂಚು, ಪಾತ್ರೆಯ ಗಂಟು, ಬಗಲಲ್ಲಿ ಕೂಸು ಹೊತ್ತು ಬೆಂಗಳೂರಿನ ಬಸ್ಸಿಗೆ ಕಾಯುವ ಜನ ಇಂದಿಗೂ ಕಾಣುತ್ತಾರೆ.

ನಾನು ಬ್ಯಾಂಕಿಗೆ ಸೇರಿದ ಕಾಲ ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆಯ ಕಾಲ. 1978ರ ಸುಮಾರಿಗೆ ಆರಂಭವಾಗಿ 1980ರ ಅಕ್ಟೋಬರ್ 2ರಿಂದ ದೇಶದ ಎಲ್ಲ ಬ್ಲಾಕುಗಳಿಗೂ ವಿಸ್ತರಿಸಿದ ಆ ಯೋಜನೆಯಲ್ಲಿ ಬಡ ಕುಟುಂಬಕ್ಕೆ ಸಬ್ಸಿಡಿ ಸಹಿತ ಸಾಲ ಕೊಟ್ಟು ಒಂದು ಆಸ್ತಿ ಮಾಡಿಸುವುದು ಗುರಿ. ನಮ್ಮ ಕಡೆ ಆಸ್ತಿ ಎಂದರೆ ಬಹುಮಟ್ಟಿಗೆ ಎಮ್ಮೆ. ಸಂತೆಯಲ್ಲಿ ಖರೀದಿ, ಪಶುವೈದ್ಯರ ಪ್ರಮಾಣಪತ್ರ, ವಿಮೆ, ಎಮ್ಮೆಯ ಕಿವಿಗೆ ವಿಮಾ ಕಂಪನಿಯ ಓಲೆ, ಎಮ್ಮೆಯ ಹಗ್ಗ ಹಿಡಿದು ಫಲಾನುಭವಿಯ ಫೋಟೊ. ಅಲ್ಲಿಗೆ ಕಡತ ಮುಗಿಯುತ್ತಿತ್ತು. ಆ ಎಮ್ಮೆಗೆ ಬೇಸಿಗೆಯಲ್ಲಿ ಮೇವು ಎಲ್ಲಿಂದ, ಊರಿಗೆ ಹಾಲಿನ ಡೈರಿಯ ಗಾಡಿ ಬರುತ್ತದೆಯೇ, ಕೂಲಿಗೆ ಹೋಗದೆ ದಿನವಿಡೀ ಅದನ್ನು ನೋಡಿಕೊಳ್ಳುವವರು ಯಾರು, ಗಬ್ಬವಾಗಿ ಹಾಲು ಬತ್ತಿದ ತಿಂಗಳುಗಳಲ್ಲಿ ಕಂತು ಕಟ್ಟುವುದು ಹೇಗೆ ಎಂಬ ಪ್ರಶ್ನೆಗಳಿಗೆ ಅರ್ಜಿಯ ನಮೂನೆಯಲ್ಲಿ ಅಂಕಣವೇ ಇರಲಿಲ್ಲ. ಹೀಗಾಗಿ ಎಷ್ಟೋ ಎಮ್ಮೆಗಳು ಮರುವರ್ಷ ಅದೇ ಸಂತೆಗೆ ಬಂದವು, ಎಷ್ಟೋ ಓಲೆಗಳು ಎಮ್ಮೆ ಸತ್ತಿದೆಯೆಂಬ ಅರ್ಜಿಯ ಜೊತೆ ಮೇಜಿನ ಮೇಲೆ ಬಂದು ಬಿದ್ದವು. 1999ರಲ್ಲಿ ಆ ಯೋಜನೆಯನ್ನು ಸ್ವರ್ಣಜಯಂತಿ ಗ್ರಾಮ ಸ್ವರೋಜಗಾರ್ ಯೋಜನೆಯಲ್ಲಿ ವಿಲೀನಗೊಳಿಸಿದಾಗ ಬ್ಯಾಂಕಿನಲ್ಲಿ ಯಾರೂ ಅತ್ತಂತೆ ನೆನಪಿಲ್ಲ.

ಈ ಸಂಸ್ಥೆ ಹಿಡಿದಿರುವ ಸ್ವಸಹಾಯ ಸಂಘಗಳ ಪದ್ಧತಿ ಅದರಿಂದ ಬೇರೆಯದು, ಅದರ ಬೇರು ಕರ್ನಾಟಕದಲ್ಲಿಯೇ ಇದೆ. ಟಿಬೆಟಿಯನ್ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಆರಂಭವಾದ ಮೈರಾಡ ಸಂಸ್ಥೆ ಎಂಬತ್ತರ ದಶಕದಲ್ಲಿ ಗ್ರಾಮೀಣ ಸಹಕಾರ ಸಂಘಗಳ ಜೊತೆ ಕೆಲಸ ಮಾಡುತ್ತಿದ್ದಾಗ, ದೊಡ್ಡ ಸಂಘಗಳು ಒಡೆದುಹೋಗಿ ಒಬ್ಬರನ್ನೊಬ್ಬರು ನಂಬುವ ಹತ್ತಿಪ್ಪತ್ತು ಜನರ ಗುಂಪುಗಳು ಉಳಿದುಕೊಂಡವು. ಸಾಲ ಮರಳಿಸಲು ಮುಂದೆ ಬಂದವರೂ ಆ ಗುಂಪಿನವರೇ. ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1987ರಲ್ಲಿ ಈ ಪ್ರಯೋಗಕ್ಕೆ ಮೈರಾಡಕ್ಕೆ 10 ಲಕ್ಷ ರೂಪಾಯಿಯ ಅನುದಾನ ಕೊಟ್ಟಿತು. 1992ರಲ್ಲಿ ದೇಶದಾದ್ಯಂತ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಶುರುವಾಯಿತು. ಇಂದು ಊರೂರಿಗೂ ಇರುವ ಸ್ವಸಹಾಯ ಸಂಘಗಳೆಲ್ಲ ಆ ದಾರಿಯಲ್ಲಿ ಬಂದವು. ಆದರೆ ಸಂಘ ಇದೆ ಎಂದಮಾತ್ರಕ್ಕೆ ಬಡತನ ಕರಗುವುದಿಲ್ಲ. ವಾರದ ಸಭೆ ನಿಂತು, ಠರಾವು ಪುಸ್ತಕವನ್ನು ಪ್ರತಿನಿಧಿಯೊಬ್ಬಳೇ ಮನೆಯಲ್ಲಿ ಕುಳಿತು ಬರೆದು, ಉಳಿದವರಿಂದ ಹೆಬ್ಬೆಟ್ಟು ಹಾಕಿಸಿಕೊಂಡು ಬರುವ ಸಂಘಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈ ಸಂಸ್ಥೆಯ ಸಂಘಗಳಲ್ಲಿ ಸಭೆ ನಿಲ್ಲುವುದಿಲ್ಲ, ಏಕೆಂದರೆ ಸಂಸ್ಥೆಯ ಕಾರ್ಯಕರ್ತೆ ಪ್ರತಿ ವಾರ ಬಂದು ಕುಳಿತುಕೊಳ್ಳುತ್ತಾಳೆ. ಮಳೆಗಾಲದ ಒಂದು ಸಂಜೆ, ಹನುಮಪ್ಪನ ಗುಡಿಯ ಮುಂದಿನ ಕಟ್ಟೆಯ ಮೇಲೆ ನಡೆದ ಅಂಥ ಸಭೆಯೊಂದರಲ್ಲಿ ನಾನೂ ಇದ್ದೆ. ತಗಡಿನ ಪೆಟ್ಟಿಗೆ ನಡುವೆ ಇತ್ತು. ಪೆಟ್ಟಿಗೆ ಒಬ್ಬಳ ಮನೆಯಲ್ಲಿರುತ್ತದೆ, ಕೀಲಿಕೈ ಇನ್ನೊಬ್ಬಳ ಸೆರಗಿನ ತುದಿಯಲ್ಲಿರುತ್ತದೆ. ಉಳಿತಾಯದ ಹಣ ಎಣಿಸಿ ಮುಗಿದ ಮೇಲೆ ಒಬ್ಬ ಹೆಣ್ಣುಮಗಳು ಎಂಟು ಸಾವಿರ ಬೇಕೆಂದಳು.

"ಯದಕ್ಕವ್ವಾ?" ಎಂದು ಹಿರಿಯಳೊಬ್ಬಳು ಕೇಳಿದಳು.

"ಮನ್ಯಾಗ ಅವರಿಗೆ ಆಪರೇಷನ್ ಆಗೈತಲ್ಲಬೇ. ಎರಡು ತಿಂಗಳು ದುಡಿಯಾಕ ಆಗಂಗಿಲ್ಲಂತ."

"ಮೇಸ್ತ್ರಿ ಕಡೆ ತಗೊಂಡೀಯೇನು?"

"ಇನ್ನಾ ಇಲ್ಲ. ನಾಳೆ ಬರ್ತೀನಂತ ಹೇಳ್ಯಾನ."

"ಹಂಗಾರ ಇವತ್ತ ಕೊಡ್ರಿ. ನಾಡದು ಕೊಟ್ರ ಏನು ಬಂತು?"

ಬ್ಯಾಂಕಿನ ಭಾಷೆಯಲ್ಲಿ ಇದು ಅನುತ್ಪಾದಕ ಸಾಲ. ಔಷಧಿ, ಊಟ, ಮದುವೆ, ಮಣ್ಣಿನ ಖರ್ಚಿಗೆಂದು ಕೇಳಿದರೆ ನಾವು ಕೊಡುತ್ತಿರಲಿಲ್ಲ. ಹಾಗಾಗಿ ಜನ ಎಮ್ಮೆಗೆಂದು ಕೇಳಿ ಔಷಧಿಗೆ ಬಳಸುತ್ತಿದ್ದರು. ಲೆಕ್ಕ ಹಾಕಿ ನೋಡಿದರೆ ಈ ಎಂಟು ಸಾವಿರದಷ್ಟು ಉತ್ಪಾದಕವಾದ ಸಾಲ ಆ ಮನೆಗೆ ಬೇರೊಂದಿಲ್ಲ. ಸಂಘದಲ್ಲಿ ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ. ತಿಂಗಳಿಗೆ 800 ರೂಪಾಯಿಯಂತೆ ಅಸಲು ತೀರಿಸುತ್ತ ಹೋದರೆ ಹತ್ತು ತಿಂಗಳಲ್ಲಿ ಒಟ್ಟು ಬಡ್ಡಿ 880 ರೂಪಾಯಿ ಆಗುತ್ತದೆ, ಅದೂ ಸಂಘದ ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ. ಊರಿನ ಸಾಹುಕಾರನಲ್ಲಿ ಐದು ರೂಪಾಯಿ ಬಡ್ಡಿಗೆ ತಂದಿದ್ದರೆ ಅದೇ ಹತ್ತು ತಿಂಗಳಿಗೆ ನಾಲ್ಕು ಸಾವಿರ ಬಡ್ಡಿ ಕಟ್ಟಿದ ಮೇಲೂ ಅಸಲು ಹಾಗೆಯೇ ನಿಂತಿರುತ್ತಿತ್ತು. ಮೇಸ್ತ್ರಿಯ ಮುಂಗಡಕ್ಕೆ ಬಡ್ಡಿಯೇ ಇಲ್ಲ ಎನ್ನುತ್ತಾರೆ, ಮಾತಿನ ಮಟ್ಟಿಗೆ ಅದು ನಿಜ. ಅದರ ಬಡ್ಡಿ ಕೂಲಿಯಲ್ಲಿ ಅಡಗಿರುತ್ತದೆ: ಮುಂಗಡ ಪಡೆದವರಿಗೆ ಕೂಲಿಯ ದರ ಕೇಳುವ ಹಕ್ಕಿಲ್ಲ, ಬೇರೆ ಕಡೆ ಹೆಚ್ಚು ಸಿಕ್ಕರೂ ಹೋಗುವಂತಿಲ್ಲ, ಹಬ್ಬಕ್ಕೆ ಊರಿಗೆ ಬರಬೇಕೆಂದರೆ ಅವನನ್ನು ಕೇಳಬೇಕು, ಜೊತೆಗೆ ಐದನೆಯ ತರಗತಿಯ ಮಗಳು ತಮ್ಮನನ್ನು ನೋಡಿಕೊಳ್ಳಲು ಶಾಲೆ ಬಿಟ್ಟು ಶೆಡ್ಡಿಗೆ ಹೋಗಬೇಕು. ಆ ಸಂಜೆ ಪೆಟ್ಟಿಗೆಯಲ್ಲಿ ಇದ್ದದ್ದು ಆರು ಸಾವಿರ ಚಿಲ್ಲರೆ. ಉಳಿದದ್ದನ್ನು ಪಕ್ಕದ ಓಣಿಯ ಸಂಘದಿಂದ ಕೈಗಡವಾಗಿ ತರಿಸಿ, ಠರಾವು ಬರೆದು, ದೀಪ ಹಚ್ಚುವ ಹೊತ್ತಿಗೆ ಕೊಟ್ಟರು.

ಸಾಲದಷ್ಟೇ ಮುಖ್ಯವಾದ ಇನ್ನೊಂದು ಕೆಲಸವಿದೆ, ಅದು ನೋಡುವವರಿಗೆ ಬಹಳ ನೀರಸವಾಗಿ ಕಾಣುತ್ತದೆ: ಕಾಗದಪತ್ರ. ಸರ್ಕಾರ ಬಡವರಿಗೆ ಕೊಡುವುದು ಕಡಿಮೆಯೇನಲ್ಲ. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯಿಂದ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ಪಡಿತರ, ವಿಧವಾ ವೇತನ, ವೃದ್ಧರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ, ಮಕ್ಕಳ ವಿದ್ಯಾರ್ಥಿವೇತನ ಇವನ್ನೆಲ್ಲ ಕೂಡಿಸಿದರೆ ಒಂದು ಕೂಲಿ ಕುಟುಂಬದ ಕೆಟ್ಟ ತಿಂಗಳುಗಳನ್ನು ದಾಟಿಸುವಷ್ಟಾಗುತ್ತದೆ. ಆದರೆ ಆಧಾರ್‌ನಲ್ಲಿ ಹುಲಿಗೆಮ್ಮ, ಪಡಿತರ ಚೀಟಿಯಲ್ಲಿ ಹುಲಿಗೆವ್ವ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು ಸೇರಿಕೊಂಡು ಇನ್ನೊಂದೇ ಆಗಿದ್ದರೆ ಹಣ ಬರುವುದಿಲ್ಲ. ಅದನ್ನು ಸರಿಪಡಿಸಲು ನಾಡಕಚೇರಿಗೆ, ಗ್ರಾಮ ಒನ್ ಕೇಂದ್ರಕ್ಕೆ, ಬ್ಯಾಂಕಿಗೆ, ಆಧಾರ್ ಕೇಂದ್ರಕ್ಕೆ ಅಲೆಯಬೇಕು. ಒಂದೊಂದು ಅಲೆದಾಟಕ್ಕೂ ಒಂದು ದಿನದ ಕೂಲಿ ಹೋಗುತ್ತದೆ. ಸರ್ವರ್ ಇಲ್ಲ, ನಾಳೆ ಬಾ ಎಂದು ಎರಡು ಸಲ ಕೇಳಿಸಿಕೊಂಡ ಹೆಣ್ಣುಮಗಳು ಮೂರನೆಯ ಸಲ ಹೋಗುವುದಿಲ್ಲ. ಸಂಸ್ಥೆಯ ಕಾರ್ಯಕರ್ತೆಯರು ಈ ಮೂರನೆಯ ಸಲಕ್ಕೆ ಜೊತೆಗೆ ಹೋಗುತ್ತಾರೆ. ಪ್ಲಾಸ್ಟಿಕ್ ಚೀಲವೊಂದರಲ್ಲಿ ಮನೆಯ ಎಲ್ಲ ಕಾಗದಗಳನ್ನೂ ಜೋಡಿಸಿಟ್ಟು, ಯಾವುದರಲ್ಲಿ ಯಾವ ಅಕ್ಷರ ತಪ್ಪಿದೆ ಎಂದು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ, ತಿದ್ದುಪಡಿಯನ್ನು ಯಾವ ಕ್ರಮದಲ್ಲಿ ಮಾಡಿಸಬೇಕೆಂದು ಬರೆದುಕೊಡುತ್ತಾರೆ. ಆಧಾರ್ ಸರಿಯಾಗುವ ಮೊದಲು ಪಾಸ್‌ಬುಕ್ ಸರಿಪಡಿಸಿದರೆ ಮತ್ತೆ ಮೊದಲಿನಿಂದ ಸುತ್ತಬೇಕಾಗುತ್ತದೆ ಎಂಬುದು ಅಲೆದವರಿಗಷ್ಟೇ ಗೊತ್ತಿರುವ ವಿಷಯ.

ಉದ್ಯೋಗ ಖಾತ್ರಿಯಲ್ಲಿಯೂ ಇದೇ ಹೊತ್ತಿನ ಲೆಕ್ಕ. 2005ರ ಕಾಯ್ದೆ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸದ ಖಾತ್ರಿ ಕೊಟ್ಟಿತು. ಕರ್ನಾಟಕದಲ್ಲಿ ದಿನಗೂಲಿ 2024-25ರಲ್ಲಿ 349 ರೂಪಾಯಿ ಇದ್ದದ್ದು 2025-26ರಲ್ಲಿ 370 ಆಯಿತು, ಗಂಡಿಗೂ ಹೆಣ್ಣಿಗೂ ಒಂದೇ ದರ. ಆ ಕಾಯ್ದೆಯ ನಿಯಮದಂತೆ, ಕೆಲಸ ಬೇಕೆಂದು ನಮೂನೆ 6ರಲ್ಲಿ ಅರ್ಜಿ ಕೊಟ್ಟು ದಿನಾಂಕ ಹಾಕಿದ ಸ್ವೀಕೃತಿ ಪಡೆದರೆ, ಹದಿನೈದು ದಿನಗಳೊಳಗೆ ಕೆಲಸ ಕೊಡಬೇಕು, ಇಲ್ಲವಾದರೆ ನಿರುದ್ಯೋಗ ಭತ್ಯೆ ಕೊಡಬೇಕು. ಈ ಸ್ವೀಕೃತಿಯ ಚೀಟಿಯಲ್ಲಿಯೇ ಕಾಯ್ದೆಯ ಜೀವ ಇರುವುದು. ಬಾಯಿಮಾತಿನಲ್ಲಿ ಕೇಳಿದವರಿಗೆ ಪಂಚಾಯಿತಿಯಲ್ಲಿ ಬಾಯಿಮಾತಿನ ಉತ್ತರವೇ ಸಿಗುತ್ತದೆ. ಸಂಸ್ಥೆಯವರು ಕೂಲಿಕಾರರ ಗುಂಪುಗಳನ್ನು ನೋಡಿಕೊಳ್ಳುವ ಕಾಯಕ ಬಂಧುಗಳನ್ನು ಕೂಡಿಸಿಕೊಂಡು ಮೇಸ್ತ್ರಿಗಳು ಬರುವುದಕ್ಕೆ ಮೂರು ನಾಲ್ಕು ವಾರ ಮೊದಲೇ ಗುಂಪಾಗಿ ಹೋಗಿ ಅರ್ಜಿ ಹಾಕಿಸುತ್ತಾರೆ. ಬದು, ಕೃಷಿಹೊಂಡ, ನಾಲೆಯ ಹೂಳಿನ ಕೆಲಸ ಆಗ ಶುರುವಾದರೆ ಉಳಿಯುವವರು ಉಳಿಯುತ್ತಾರೆ. ಊರು ಖಾಲಿಯಾದ ಮೇಲೆ ಕೆಲಸ ಬಂದರೆ ಜೆಸಿಬಿಗೆ ಲಾಭ. ಸಣ್ಣ ಮಕ್ಕಳ ತಾಯಂದಿರಿಗೆ ಪಂಚಾಯಿತಿಯ ಕೂಸಿನ ಮನೆ, ಅಂದರೆ ಶಿಶುಪಾಲನಾ ಕೇಂದ್ರ, ದೊಡ್ಡ ಅನುಕೂಲವಾಗಿದೆ. ಗುಳೆ ಹೋಗಲೇಬೇಕಾದವರ ಮಕ್ಕಳನ್ನು ಅಜ್ಜಿಯ ಬಳಿಯೋ ಋತುಮಾನದ ವಸತಿಶಾಲೆಯಲ್ಲಿಯೋ ಉಳಿಸುವ ಪ್ರಯತ್ನವೂ ನಡೆಯುತ್ತದೆ, ಆದರೆ ಎಲ್ಲ ವರ್ಷವೂ ಅದು ಒಂದೇ ಸಮನೆ ಕೈಗೂಡುವುದಿಲ್ಲ.

ಇಂಥ ಕೆಲಸದಿಂದ ನಿಜವಾಗಿ ಬಡತನ ನೀಗುತ್ತದೆಯೇ ಎಂದು ನನ್ನ ಬ್ಯಾಂಕಿನ ಹಳೆಯ ಗೆಳೆಯರು ಕೇಳುತ್ತಾರೆ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಕಡುಬಡವರಿಗೆಂದು ಒಂದು ಕಾರ್ಯಕ್ರಮ ರೂಪಿಸಿತು: ಒಂದು ಆಸ್ತಿ, ಕೆಲವು ತಿಂಗಳು ಊಟದ ಖರ್ಚಿಗೆ ಹಣ, ತರಬೇತಿ, ಉಳಿತಾಯ, ಆರೋಗ್ಯದ ನೆರವು, ಇವೆಲ್ಲದರ ಜೊತೆಗೆ ಸುಮಾರು ಎರಡು ವರ್ಷ ಮನೆಮನೆಗೆ ನಿಯಮಿತ ಭೇಟಿ. ಇದೇ ಮಾದರಿಯನ್ನು ಭಾರತವೂ ಸೇರಿದಂತೆ ಆರು ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ನಡುವೆ ಪರೀಕ್ಷಿಸಿದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮೊದಲಾದವರು 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಕಾರ್ಯಕ್ರಮ ಮುಗಿದು ಒಂದು ವರ್ಷ ಕಳೆದ ಮೇಲೂ ಆ ಕುಟುಂಬಗಳ ಊಟ, ಆದಾಯ, ಆಸ್ತಿ ಮೊದಲಿಗಿಂತ ಮೇಲಾಗಿಯೇ ಉಳಿದಿದ್ದವು. ನಮ್ಮ ಎಮ್ಮೆಯ ಯೋಜನೆಗೂ ಇದಕ್ಕೂ ಇರುವ ವ್ಯತ್ಯಾಸ ಎಮ್ಮೆಯಲ್ಲಿ ಇಲ್ಲ, ಎಮ್ಮೆಯ ಸುತ್ತ ಇರುವ ಉಳಿದೆಲ್ಲದರಲ್ಲಿದೆ.

ಆದರೆ ನಮಗೆ ಹೆಚ್ಚು ಹತ್ತಿರದ ಪಾಠ ಮೇದಕ್ ಜಿಲ್ಲೆಯದು, ಅದು ಆಗ ಆಂಧ್ರಪ್ರದೇಶದಲ್ಲಿತ್ತು. ಅಲ್ಲಿ ಇದೇ ಬಗೆಯ ಕಾರ್ಯಕ್ರಮ ನಡೆದಾಗ ನೆರವು ಪಡೆದವರಿಗೂ ಪಡೆಯದವರಿಗೂ ಕೊನೆಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ, ಏಕೆಂದರೆ ನೆರವು ಪಡೆಯದವರಿಗೆ ಅದೇ ಕಾಲದಲ್ಲಿ ಕೂಲಿ ಚೆನ್ನಾಗಿ ಸಿಗುತ್ತಿತ್ತು; ನೆರವು ಪಡೆದವರು ಜಾನುವಾರು ನೋಡಿಕೊಳ್ಳಲು ಆ ಕೂಲಿಯನ್ನು ಬಿಡಬೇಕಾಯಿತು. ನಮ್ಮ ಜಿಲ್ಲೆಯ ಸಂಸ್ಥೆಗಳು ಇದನ್ನು ಚೆನ್ನಾಗಿ ಓದಿಕೊಳ್ಳಬೇಕೆಂದು ನನಗೆ ಅನ್ನಿಸುತ್ತದೆ. ಹತ್ತಿ ಬಿಡಿಸುವ ಕಾಲದಲ್ಲಿ, ನಾಲೆಯ ಕೆಳಗೆ ಭತ್ತ ನಾಟಿ ಮಾಡುವ ಕಾಲದಲ್ಲಿ ಕೂಲಿಗೆ ಬೇಡಿಕೆ ಇರುವಾಗ ಹೆಂಗಸರನ್ನು ಕುರ್ಚಿಯ ಮೇಲೆ ಕೂರಿಸಿ ಮೇಣದಬತ್ತಿ ಮಾಡುವ ತರಬೇತಿ ಕೊಟ್ಟರೆ ಅವರಿಗೆ ನಷ್ಟವೇ ಹೊರತು ಲಾಭವಿಲ್ಲ.

ಇನ್ನು ಸಂಘದ ಹೆಸರಿನಲ್ಲಿ ನಡೆಯುವ ಇನ್ನೊಂದು ವ್ಯವಹಾರದ ಬಗ್ಗೆ ಹೇಳದಿದ್ದರೆ ಈ ಬರಹ ಅರ್ಧಸತ್ಯವಾಗುತ್ತದೆ. ಮೈಕ್ರೊಫೈನಾನ್ಸ್ ಕಂಪನಿಗಳೂ ಹೆಂಗಸರ ಗುಂಪು ಮಾಡುತ್ತವೆ, ಅವರೂ ವಾರಕ್ಕೊಮ್ಮೆ ಕೂಡಿಸುತ್ತಾರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ. ಆದರೆ ಒಂದು ಗುಂಪಿನಲ್ಲಿ ಕಂತು ತಪ್ಪಿದವಳ ಮನೆಗೆ ಉಳಿದವರು ಏನು ತೊಂದರೆಯಾಯಿತೆಂದು ಕೇಳಲು ಹೋಗುತ್ತಾರೆ, ಇನ್ನೊಂದರಲ್ಲಿ ಆಕೆಯ ಬಾಗಿಲ ಮುಂದೆ ಕೂರಲು ಅವರನ್ನು ಕಳಿಸಲಾಗುತ್ತದೆ. ಒಂದು ಕಂಪನಿಯ ಕಂತು ಕಟ್ಟಲು ಇನ್ನೊಂದರಲ್ಲಿ, ಅದನ್ನು ಕಟ್ಟಲು ಮತ್ತೊಂದರಲ್ಲಿ ಸಾಲ ಮಾಡಿ ರಾತ್ರೋರಾತ್ರಿ ಊರು ಬಿಟ್ಟವರು ನಮ್ಮ ಕಡೆಯೂ ಇದ್ದಾರೆ. ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾಯ್ದೆ ತಂದದ್ದು ಸುಮ್ಮನೆ ಅಲ್ಲ. ಕಂಪನಿಗಳ ವಸೂಲಿಯ ಕೆಲಸವನ್ನು ಕಮಿಷನ್ ಮೇಲೆ ಮಾಡಿಕೊಡಿ ಎಂಬ ಕರೆ ಸ್ವಯಂಸೇವಾ ಸಂಸ್ಥೆಗಳಿಗೆ ಬರುತ್ತಲೇ ಇರುತ್ತದೆ. ಸಂಬಳ ಕೊಡಲು ದುಡ್ಡಿಲ್ಲದ ತಿಂಗಳಲ್ಲಿ ಅದನ್ನು ಒಲ್ಲೆ ಎನ್ನುವುದು ಸಣ್ಣ ಮಾತಲ್ಲ.

ಸಂಬಳದ ಪ್ರಶ್ನೆಯೇ ನನ್ನ ಪಾಲಿನ ತಲೆನೋವು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಆದರೆ ಫೋಟೊ ತೆಗೆಯಬಹುದಾದ ವಸ್ತುವಿನ ಮೇಲೆ ಅವರಿಗೆ ಒಲವು ಹೆಚ್ಚು. ಹೊಲಿಗೆ ಯಂತ್ರಕ್ಕೆ ಹಣ ಕೇಳಿದರೆ ಸಿಗುತ್ತದೆ. ಆ ಯಂತ್ರದ ಮೇಲೆ ಬಟ್ಟೆಯ ಗಂಟು ಪೇರಿಸಿಡದಂತೆ ವಾರ ವಾರ ಹೋಗಿ ವಿಚಾರಿಸುವ ಹುಡುಗಿಯ ಸಂಬಳಕ್ಕೆ, ಅವಳ ಸ್ಕೂಟಿಯ ಪೆಟ್ರೋಲಿಗೆ ಕೇಳಿದರೆ ಆಡಳಿತ ವೆಚ್ಚ ಜಾಸ್ತಿಯಾಯಿತಲ್ಲ ಎಂಬ ಉತ್ತರ ಬರುತ್ತದೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಅಂಥ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿದಿದೆ, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದು ಸಣ್ಣ ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ದೊಡ್ಡ ಊರಿನ ಸಂಸ್ಥೆಗಳ ಮೂಲಕ ಹಣ ಪಡೆಯುತ್ತಿದ್ದ ತಾಲ್ಲೂಕು ಮಟ್ಟದ ಸಂಸ್ಥೆಗಳಿಗೆ ಇದರ ಬಿಸಿ ಚೆನ್ನಾಗಿ ತಟ್ಟಿದೆ. ಹಣದ ದುರುಪಯೋಗ ತಡೆಯಬೇಕೆಂಬುದಕ್ಕೆ ಲೆಕ್ಕಪತ್ರ ನೋಡುವ ನನ್ನ ತಕರಾರಿಲ್ಲ. ಆದರೆ ನಡೆದುಹೋಗಿ ಬಾಗಿಲು ತಟ್ಟುವುದೇ ಕೆಲಸವಾಗಿರುವಲ್ಲಿ ಆ ನಡಿಗೆಯನ್ನು ಆಡಳಿತ ವೆಚ್ಚದ ತಲೆಬರಹದಡಿ ಬರೆಯಿರಿ ಎನ್ನುವವರಿಗೆ ಈ ಕೆಲಸ ಅರ್ಥವಾಗಿಲ್ಲ.

ಸಂಸ್ಥೆಯ ಕೈಗೆ ನಿಲುಕದ ಸಂಗತಿಗಳೂ ಇವೆ. ಭೂಮಿ ಇಲ್ಲದ ದಲಿತ ಕುಟುಂಬಕ್ಕೆ ಅದು ಭೂಮಿ ಕೊಡಿಸಲಾರದು; ಹೆಚ್ಚೆಂದರೆ ನಾಲ್ಕು ಜನ ಹೆಂಗಸರು ಸೇರಿ ಎರಡು ಎಕರೆ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿಯಲು ಬೆನ್ನಿಗೆ ನಿಲ್ಲಬಹುದು. ನಾಲೆಯ ಕೊನೆಯ ಹೊಲಕ್ಕೆ ನೀರು ಹರಿಸಲಾರದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಗದ್ದೆಯ ಮಾಲೀಕರ ಆತಂಕ ಪತ್ರಿಕೆಗಳಲ್ಲಿ ಬಂತು. ಆ ಗದ್ದೆಗಳಲ್ಲಿ ನಾಟಿ, ಕಳೆ, ಕೊಯ್ಲಿನ ಕೂಲಿಯನ್ನು ನಂಬಿ ಒಣಭೂಮಿಯ ಊರುಗಳಿಂದ ಟಂಟಂ ಆಟೊ ಹತ್ತಿ ಹೋಗುವ ಹೆಂಗಸರ ಆತಂಕ ಅಷ್ಟಾಗಿ ಬರಲಿಲ್ಲ.

ಗುಳೆ ನಿಂತಿಲ್ಲ. ಈ ಸಂಸ್ಥೆ ಕೆಲಸ ಮಾಡುವ ಊರುಗಳಿಂದಲೂ ಜನ ಹೋಗುತ್ತಾರೆ. ಆದರೆ ಸಂಘದ ಹಳೆಯ ಸದಸ್ಯರಲ್ಲಿ ಬಹಳಷ್ಟು ಮಂದಿ ಈಗ ಮುಂಗಡ ಪಡೆಯದೆ ಹೋಗುತ್ತಾರೆ. ಮೇಸ್ತ್ರಿಯ ಹಂಗಿಲ್ಲದಿರುವುದರಿಂದ ವಾರಕ್ಕೊಮ್ಮೆ ಕೂಲಿ ಕೈಗೆ ತೆಗೆದುಕೊಳ್ಳುತ್ತಾರೆ, ದರ ಸರಿಬರದಿದ್ದರೆ ಬೇರೆ ಸೈಟಿಗೆ ಹೋಗುತ್ತಾರೆ, ಮೊಹರಂನ ಅಲಾಯಿ ಹಬ್ಬಕ್ಕೋ ಉಗಾದಿಗೋ ಬೇಕಾದಾಗ ಊರಿಗೆ ಬರುತ್ತಾರೆ. ಹೋಗುವವರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಮಾಡಿಸುವುದು ಸಂಸ್ಥೆಯ ಈಗಿನ ದೊಡ್ಡ ಕೆಲಸ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು, ಅದನ್ನು ಬೆಂಗಳೂರಿನ ಗುತ್ತಿಗೆದಾರರಿಂದ ಬರೆಸಿಕೊಳ್ಳುವುದು ಹರಸಾಹಸ.

ಇದರ ನಡುವೆ ಸಂಘಗಳಲ್ಲಿ ಹೊಸ ಜಗಳವೊಂದು ಎದ್ದಿದೆ. ಬೆಂಗಳೂರಿನ ಶೆಡ್ಡಿನಲ್ಲಿರುವ ಸದಸ್ಯೆಯರು ಉಳಿತಾಯವನ್ನು ಫೋನ್‌ಪೇ ಮೂಲಕ ತಪ್ಪದೆ ಕಳಿಸುತ್ತಾರೆ, ಆದರೆ ಸಭೆಗೆ ಬರಲಾರರು. ಹಾಜರಾತಿ ಇಲ್ಲದವಳಿಗೆ ಸಾಲ ಕೊಡಬಾರದೆಂದು ಸಂಘದ ನಿಯಮವಿದೆ. ನಿಯಮ ಸಡಿಲಿಸಿದರೆ ನಾಳೆ ಊರಲ್ಲಿದ್ದವರೂ ಸಭೆಗೆ ಬರುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ; ಸಡಿಲಿಸದಿದ್ದರೆ ಶೆಡ್ಡಿನಲ್ಲಿ ಕಾಯಿಲೆ ಬಿದ್ದವಳು ಮತ್ತೆ ಮೇಸ್ತ್ರಿಯ ಬಳಿಗೇ ಹೋಗುತ್ತಾಳೆ ಎಂದು ಹರೆಯದವರು ವಾದಿಸುತ್ತಾರೆ. ಹೋದ ತಿಂಗಳು ನಡೆದ ಸಂಘಗಳ ಒಕ್ಕೂಟದ ಸಭೆಯಲ್ಲಿ ಇದು ತೀರ್ಮಾನವಾಗಲಿಲ್ಲ. ಫೋನಿನಲ್ಲಿ ಕೂಗಿ ಹೇಳಿದ್ದನ್ನು ಹಾಜರಿ ಎಂದು ಬರೆಯಬಹುದೇ, ಬರೆದರೆ ಅದರ ಮುಂದೆ ಹೆಬ್ಬೆಟ್ಟು ಯಾರದು ಎಂದು ನನ್ನನ್ನು ಕೇಳಿದ್ದಾರೆ. ಬರುವ ಅಮಾವಾಸ್ಯೆಯ ಸಭೆಗೆ ಒಂದು ನಮೂನೆ ಬರೆದುಕೊಂಡು ಹೋಗಬೇಕಾಗಿದೆ.